ಬೆಂಕಿ ಬಿಟ್ಟ ಅಡಿಗಿಯಾಕಿ

ಕೇಳ್ರವ್ವಾ ಕೇಳ್ರಿ, ಕೇಳ್ರಪ್ಪಾ ಕೇಳ್ರಿ. ಮೂಲ್ಯಾಗ ಕುಂತವ್ರೂ ಕೇಳ್ರಿ, ತೂಕಡಿಸೋರು ಒಂದು ಕಿವಿನಾದ್ರೂ ತೆರಕೊಂಡು ಕೇಳ್ರಿ. ಒಂದು ಊರಿತ್ತು. ಯಾವ ಊರು? ಹೆಸರು ನನಗೂ ಗೊತ್ತಿಲ್ಲ, ನನಗ ಹೇಳಿದ ನಮ್ಮಜ್ಜಿಗೂ ಗೊತ್ತಿದ್ದಿಲ್ಲ. ಬೆನ್ನಿಗೆ ಒಂದು ಕಲ್ಲುಗುಡ್ಡ, ಎದುರಿಗೆ ಎರೆಹೊಲ, ನಡುವ ಊರು. ಅಷ್ಟ ಗೊತ್ತು.

ಆ ಊರಾಗ ಫಕೀರವ್ವ ಅಂತ ಒಬ್ಬಾಕಿ ಇದ್ಲು. ಅಡಿಗಿಯಾಕಿ. ಮದುವಿ ಇರಲಿ, ಕುಬಸ ಇರಲಿ, ತೊಟ್ಟಿಲ ಇರಲಿ, ಒಲಿ ಮುಂದ ಫಕೀರವ್ವನ ಇರಬೇಕು. ಆಕಿ ಹೋಳಿಗಿ ಹೆಂಗ? ಉಸಿರು ಬಿಟ್ರ ಹಾರಬೇಕು. ಎಣ್ಣೆಗಾಯಿ ಹೆಂಗ? ವಾಸನಿಗೆ ಮೂರು ಮನಿ ಆಚೆಗಿನ ಮುದುಕ ಎದ್ದು ಕೂಡ್ರಬೇಕು. ಆದ್ರ ಒಂದು ಮಾತು. ರುಚಿ ನೋಡೂದಂದ್ರ ನಮಗ ನಿಮಗ ಒಂದು ಚಮಚ. ಆಕಿಗೆ ಒಂದು ಬೋಗಾಣಿ. ವಡಿ ಕರದಾವೋ ಇಲ್ಲೋ ಅಂತ ಮೂರು ತಿನ್ನಾಕಿ. ಉಪ್ಪು ಹಿಡದೈತೋ ಇಲ್ಲೋ ಅಂತ ಮೂರು ತಿನ್ನಾಕಿ. ಒಡದಿದ್ದು ಬಡಸಾಕ ಬರಂಗಿಲ್ಲ ಅಂತ ಮತ್ತ ಮೂರು ತಿನ್ನಾಕಿ.

ಬರಬರ್ತ ಏನಾತು? ಕಾಲು ಬಾತು ಕಂಬ ಆದುವು. ಉಸಿರು ಕಮ್ಮಾರನ ತಿದಿ ಊದಿದಂಗ. ಮನಿ ಕಟ್ಟಿ ಹತ್ತಬೇಕಂದ್ರ ಗಂಡ ಯಮನಪ್ಪ ಹಿಂದಿನಿಂದ ದಬ್ಬಬೇಕು. ವೈದ್ಯ ಬಂದ. ಮೊದಲನೇ ಸಲ ಪುಡಿ ಕೊಟ್ಟ, ಬಾವು ಇಳೀಲಿಲ್ಲ. ಎರಡನೇ ಸಲ ಕಷಾಯ ಕೊಟ್ಟ, ಬಾವು ಇಳೀಲಿಲ್ಲ. ಮೂರನೇ ಸಲ ಏನೂ ಕೊಡ್ಲಿಲ್ಲ. ಯಮನಪ್ಪನ್ನ ಹೊರಗ ಕರದು, "ಸಂಕ್ರಾಂತಿ ಕಾಣೂದು ಕಷ್ಟಪಾ" ಅಂದ. ಗೋಡಿಗೆ ಕಿವಿ ಇರ್ತಾವಂತ. ಆವತ್ತು ಗೋಡಿ ಹಿಂದ ಇದ್ದದ್ದು ಫಕೀರವ್ವನ ಕಿವಿ.

ಅತ್ಲೇನು? ಒಂದು ಗಳಿಗಿ ಅತ್ಲು. ಆಮ್ಯಾಲ ಸೆರಗಿಲೆ ಮುಖ ಒರಸ್ಕೊಂಡು ಕಟ್ಟಿ ಮ್ಯಾಲ ಬಂದು ಕುಂತ್ಲು. ಅದ ಹೊತ್ತಿಗೆ ಗುಡ್ಡದಿಂದ ಆಡು ಹೊಡಕೊಂಡು ಹುಲಿಗೆವ್ವ ಇಳಿದು ಬಂದ್ಲು. ಎಂಬತ್ತರ ಮುದುಕಿ. ತಲಿ ಮ್ಯಾಲ ಕಟಿಗಿ ಹೊರಿ, ಕಾಲಾಗ ಎಳೆ ಹುಡುಗಿ ನಡಿಗಿ.

"ಆಯೀ, ನೀ ಏನು ಉಣ್ತಿ?" ಅಂತ ಕೇಳಿದ್ಲು ಫಕೀರವ್ವ.

"ಹಗಲೆಲ್ಲಾ ಗುಡ್ಡ ಕೊಟ್ಟಿದ್ದು ಉಣ್ತೀನವ್ವ. ಸಂಜಿಗೆ ಒಂದು ರೊಟ್ಟಿ."

"ನನಗೂ ಕಲಿಸು."

ಮುದುಕಿ ಆಕಿನ್ನ ನೆತ್ತಿಯಿಂದ ಉಂಗುಟದ ತನಕ ನೋಡಿದ್ಲು. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರ. ಆಡು ತಿಂದಿದ್ದೆಲ್ಲಾ ನಾವು ತಿಂದ್ರ ಮಣ್ಣಿಗೆ ಹೋಗ್ತೀವಿ. ಮೂರು ಮಾತು ಹೇಳ್ತೀನಿ, ನಡಸ್ತಿಯೇನು? ಒಂದು ಮಂಡಲ, ನಲವತ್ತೆಂಟು ದಿನ, ಬೆಂಕಿ ಕಂಡಿದ್ದು ಬಾಯಿಗೆ ಹೋಗಬಾರದು. ನಿನ್ನ ತುತ್ತು ನೀನ ಕೀಳಬೇಕು, ಯಾರೂ ತಂದು ಕೊಡಬಾರದು. ಹೆಸರು ಗೊತ್ತಿಲ್ಲದ ಎಲಿ ನಾಲಿಗಿಗೆ ತಾಗಬಾರದು."

"ನಡಸ್ತೀನಿ" ಅಂದ್ಲು ಫಕೀರವ್ವ.

ಹೇಳೂದು ಹಗುರ, ಹೊರೂದು ಭಾರ. ಮೊದಲನೇ ದಿನ ಗುಡ್ಡದ ಮೊದಲ ಬಂಡಿಗಲ್ಲಿಗೆ ಹೋಗಿ ಬಿದ್ಲು. ಕಣ್ಣಿಗೆ ಕತ್ತಲಿ ಬಂತು. ಹುಲಿಗೆವ್ವ ಮ್ಯಾಲಿಂದ ಕೂಗಿದ್ಲು, "ಸೊಪ್ಪು ಇಲ್ಲೈತಿ, ನೀ ಅಲ್ಲಿದ್ದಿ. ಏನು ಮಾಡ್ತಿ?" ಫಕೀರವ್ವ ಮೊಣಕಾಲೂರಿ, ಕಲ್ಲು ಹಿಡಕೊಂಡು, ಮಗುವಿನಂಗ ಅಂಬೆಗಾಲಿಟ್ಟು ಹತ್ತಿದ್ಲು. ಒಂದು ಹಿಡಿ ಹಕ್ಕರಿಕಿ ಸೊಪ್ಪು ಕಿತ್ತು ಬಾಯಿಗೆ ಹಾಕ್ಕೊಂಡ್ಲು. ಖಾರಿಲ್ಲ, ಎಣ್ಣಿಯಿಲ್ಲ. ಕಣ್ಣಾಗ ನೀರು ಬಂತು. ನುಂಗಿದ್ಲು.

ದಿನಾ ಒಂದು ಹೆಸರು ಕಲಿತ್ಲು. ಇದು ಗೋಳಿ ಸೊಪ್ಪು, ಹುಳಿ ಹುಳಿ. ಇದು ಎಳೆ ಕಡ್ಲಿ ಕುಡಿ, ಮುಂಜಾನಿ ಇಬ್ಬನಿ ಕೂಡ ತಿನ್ನಬೇಕು. ಇದು ಬೆಟ್ಟದ ನೆಲ್ಲಿ, ತಿಂದು ನೀರು ಕುಡಿದ್ರ ಬಾಯೆಲ್ಲಾ ಸಿಹಿ. ಒಂದಿನ ಕೆಂಪಗ ಮಿಂಚೂ ಕಾಳು ಕಂಡು ಕೈ ಚಾಚಿದ್ಲು. ಮುದುಕಿ ಕೋಲಿಲೆ ಕೈ ಮ್ಯಾಲ ಪಟ್ ಅಂತ ಹೊಡದ್ಲು. "ಹೆಸರು ಕೇಳಿದೇನು? ಗುಲಗಂಜಿ ಅದು. ನೋಡಾಕ ಚಂದ, ತಿಂದವ್ರು ಎದ್ದಿಲ್ಲ!"

ಗುಡ್ಡ ಹತ್ತೂದು ಕಷ್ಟ ಅನ್ನಬ್ಯಾಡ್ರಿ. ಅದಕ್ಕಿಂತ ಕಷ್ಟ ಮನ್ಯಾಗಿತ್ತು. ಒಂಬತ್ತನೇ ದಿನ ಯಮನಪ್ಪ ತನ್ನ ಪಾಲಿಗೆ ಬ್ಯಾಳಿ ಬೇಯಿಸಿ ಬಳ್ಳೊಳ್ಳಿ ಒಗ್ಗರಣಿ ಕೊಟ್ಟ. ಚುಂಯ್ ಅಂತು. ಹೆಂಡತಿ ವ್ರತ ಹಿಡಿದ್ರ ಗಂಡ ಉಪವಾಸ ಬೀಳಬೇಕೇನು, ಪಾಪ? ಫಕೀರವ್ವನ ಕೈ ತಾನಾಗೇ ಗಡಿಗ್ಯಾಗ ಹೋತು. ತುತ್ತು ತುಟಿ ತನಕ ಬಂತು. ಅಲ್ಲೇ ನಿಂತಿತು. ಎದ್ದು ಹೋಗಿ ನಾಯಿಗೆ ಹಾಕಿ ಕೈ ತೊಳಕೊಂಡ್ಲು.

"ಒಂದ ಒಂದು ತುತ್ತಲ್ಲ. ತಿಂದ್ರ ಯಾರು ನೋಡ್ತಾರ?" ಅಂದ ಯಮನಪ್ಪ.

"ನಾ ನೋಡ್ತೀನಲ್ರಿ" ಅಂದ್ಲು.

ಇಪ್ಪತ್ತು ದಿನಕ್ಕ ಕಾಲಿನ ಬಾವು ಇಳೀತು. ಮೂವತ್ತು ದಿನಕ್ಕ ಉಸಿರು ಹಗುರಾತು. ಸೊಪ್ಪು ಇಳಿಸಿತೋ, ಗುಡ್ಡ ಇಳಿಸಿತೋ, ಬೋಗಾಣಿ ಬಿಟ್ಟಿದ್ದು ಇಳಿಸಿತೋ? ಆ ಲೆಕ್ಕ ನೀವ ಹಾಕ್ರಿ. ಆಕಿ ಮಾತ್ರ ಲೆಕ್ಕ ಹಾಕಲಿಲ್ಲ, ಹತ್ತಿದ್ಲು.

ಆಗ ಬಂತು ನೋಡ್ರಿ ದೇಸಾಯರ ಕರೆ. ಆ ಸೀಮಿಗೆಲ್ಲಾ ಒಡಿಯ ಆ ದೇಸಾಯಿ. ಮಗಳ ಮದುವಿ, ಇನ್ನೂರು ಎಲಿ. ಅದು ಫಕೀರವ್ವನ ನಲವತ್ತನೇ ದಿನಕ್ಕ ಬಿದ್ದಿತ್ತು.

"ಅಡಿಗಿ ಮಾಡ್ತೀನ್ರಿ ಧಣ್ಯಾರ. ಆದ್ರ ರುಚಿ ನೋಡಂಗಿಲ್ಲ."

ದೇಸಾಯಿ ಹುಬ್ಬು ಮ್ಯಾಲೇರಿತು. "ನಮ್ಮ ವಾಡೇದಾಗ ಮೊದಲ ತುತ್ತು ಅಡಿಗಿಯಾಕಿ ಉಣ್ಣಬೇಕು. ನಮ್ಮ ಮುತ್ಯಾನ ಕಾಲದ ಪದ್ಧತಿ. ತಾನು ಉಣ್ಣದ್ದು ಮಂದಿಗೆ ಬಡಸ್ತೀ ಅಂದ್ರ ಅದರಾಗ ಏನೈತೋ ಯಾರಿಗೆ ಗೊತ್ತು? ಒಂದು ತುತ್ತಿಗೆ ಯಾಕಿಷ್ಟು ಹಟ?"

"ಧಣ್ಯಾರ, ನಾ ಒಂದು ತುತ್ತು ಅಂತ ಶುರು ಮಾಡಿ ಹಂಡೆ ಮುಗಿಸಿದಾಕಿ. ಮದುವಿ ದಿನ ದಾಟಿದ್ರೂ ಇನ್ನ ಎಂಟು ದಿನ ಅದಾವ. ಆಗಂಗಿಲ್ಲ."

"ಹಂಗಾದ್ರ ಈ ಸೀಮ್ಯಾಗ ನಿನಗ ಒಲಿ ಇಲ್ಲ. ನಡಿ."

ನಡದ್ಲು. ಊರ ಮಂದಿ ಏನಂದ್ರು? ಒಬ್ಬಾಕಿ ಹುಚ್ಚು ಅಂದ್ಲು. ಒಬ್ಬಾಕಿ ಸೊಕ್ಕು ಅಂದ್ಲು. ಮತ್ತೊಬ್ಬಾಕಿ, ಆಡಿನ ಕೂಡಿ ಆಡಾಗ್ಯಾಳ ಅಂದ್ಲು. ಕೈಯಾಗಿನ ಕಸಬು ಹೋತಲ್ಲ ಅಂತ ಫಕೀರವ್ವನ ಎದಿ ಉರೀತು. ಆದ್ರೂ ಮರುದಿನ ಮುಂಜಾನಿ ಗುಡ್ಡದ ಮ್ಯಾಲ ಇದ್ಲು.

ಮದುವಿಗೆ ಬ್ಯಾರೆ ಅಡಿಗಿಯವ್ರು ಬಂದ್ರು. ಬೀಗರೂ ಬಂದಿಳಿದ್ರು. ಅವ್ರ ಬೆನ್ನಿಗೆ ಅಕಾಲದ ಮಳಿ ಬಂತು. ಮೂರು ದಿನ ಹಿಡಿದು ಬಾರಿಸಿತು. ಅಡಿಗಿ ಚಪ್ಪರ ಕುಸೀತು, ನೆಲದಾಗ ತೋಡಿದ ಒಲಿ ಕೆರಿ ಆದುವು, ಕಟಿಗಿ, ಕುಳ್ಳು ಎಲ್ಲಾ ನೆನದು ತೊಪ್ಪಿ. ಮದುವಿ ಮುಂಜಾನಿ ಮಳಿ ನಿಂತಿತು. ನಿಂತು ಏನು ಬಂತು? ಕುಳ್ಳು ಇಟ್ಟು ಹಚ್ಚಿದ್ರು, ಹೊಗಿ ಬಂತು. ಎಣ್ಣಿ ಸುರುವಿ ಹಚ್ಚಿದ್ರು, ಹೊಗಿ ಬಂತು. ತುಪ್ಪಾನ ಸುರುವಿ ಹಚ್ಚಿದ್ರು, ಬರೇ ಹೊಗಿ. ಬೀಗರು ಎದ್ದು ನಿಂತ್ರು. "ಮದುಮಕ್ಕಳ ಮ್ಯಾಲ ಅಕ್ಕಿಕಾಳು ಹಾಕೂದು ಆಮ್ಯಾಲ. ಉಪವಾಸ ಕೂಡಿಸೋ ಮನಿ ಹೆಣ್ಣು ನಮಗ ಬ್ಯಾಡ, ಬಂಡಿ ಹೂಡ್ರೋ" ಅಂದ್ರು. ಮಗಳು ಮೂಗುತಿ ಹಾಕ್ಕೊಂಡು ಕಣ್ಣೀರು ಹಾಕ್ತಾಳ, ಅಪ್ಪನ ಜೀವ ಹೆಂಗಾಗಬ್ಯಾಡ?

ಫಕೀರವ್ವನ ಮನಿಗೆ ಆಳು ಬಂದ. "ಧಣ್ಯಾರು ಕರೀತಾರ." "ನನಗ ಒಲಿ ಇಲ್ಲಪಾ" ಅಂದ್ಲು. ದೇಸಾಯಿ ತಮ್ಮ ಬಂದ. "ಅಣ್ಣ ಕರೀತಾನ." "ನನಗ ಒಲಿ ಇಲ್ರೀ" ಅಂದ್ಲು. ಮೂರನೇ ಸಲ ಪಲ್ಲಕ್ಕಿ ಬಂತು. ದೇಸಾಯಿ ತಾನ ಕೆಸರಾಗ ಇಳಿದ.

"ಒಲಿ ನಮಗೂ ಇಲ್ಲ ಫಕೀರವ್ವ" ಅಂದ. "ನನ್ನ ಮಾತಿಗೆ ಬ್ಯಾಡ. ನನ್ನ ಮಗಳ ಸಲುವಾಗಿ ಬಾ."

ಆ ಮಾತಿಗೆ ಫಕೀರವ್ವ ಎದ್ಲು. "ಬರ್ತೀನಿ. ಬೆಂಕಿ ಕಾಣದ ಊಟ ಮಾಡ್ತೀನಿ. ಆದ್ರ ಇನ್ನೂರು ಎಲಿಗೆ ನನ್ನ ಎರಡು ಕೈ ಸಾಲಂಗಿಲ್ಲ. ಉಣ್ಣವ್ರೆಲ್ಲಾ ಗುಡ್ಡಕ್ಕ ಬರಬೇಕು."

ನೋಡ್ರಿ ಚಂದ! ರೇಷ್ಮಿ ಸೀರಿ, ಜರತಾರಿ ರುಮಾಲು, ಎಲ್ಲಾ ಗುಡ್ಡ ಹತ್ತಿದ್ವು. ಬೀಗರು ಮೊದಲು ಗೊಣಗಿದ್ರು, ಆಮ್ಯಾಲ ನೆಲ್ಲಿಕಾಯಿಗೆ ಜಗಳಾಡಿದ್ರು. ಮುಂದ ಫಕೀರವ್ವ, ಹಿಂದ ಹುಲಿಗೆವ್ವ, ಕಿತ್ತ ಒಂದೊಂದು ಎಲಿನೂ ಇಬ್ಬರೂ ನೋಡಿದ್ರು. ದೇಸಾಯಿ ಮಾತ್ರ ಮೊದಲ ಬಂಡಿಗಲ್ಲಿಗೆ ಉಸಿರು ಕಟ್ಟಿ ಕುಂತುಬಿಟ್ಟ.

ಉಗ್ರಾಣದಾಗ ನೆನಿಸಿದ ಹೆಸರುಬ್ಯಾಳಿ ಇತ್ತು, ಕಾಯಿ ಇತ್ತು, ಸೌತಿಕಾಯಿ ಇತ್ತು. ಹೊಲದಿಂದ ಹಸಿ ಕಡ್ಲಿ ಸುಲಗಾಯಿ ಬಂತು. ಬೆಳವಲ ಹಣ್ಣಿಗೆ ಜೇನು ಕಲಸಿದ್ಲು. ಸೊಪ್ಪಿಗೆ ಎಳ್ಳು ಜಜ್ಜಿ ಹಾಕಿದ್ಲು. ಎಲಿ ಹಾಸಿದ ಮ್ಯಾಲ, ಎಲ್ಲಾರ ಮುಂದ, ಯಾರೂ ಕೇಳದನ, ತಾನ ಕಿತ್ತ ಸೊಪ್ಪಿನ ಮೊದಲ ತುತ್ತು ತಾನ ಉಂಡ್ಲು. ಬೀಗರು ಎರಡೆರಡು ಸಲ ಹಾಕಿಸ್ಕೊಂಡ್ರು. ಅಕ್ಕಿಕಾಳು ಬಿತ್ತು.

ನಲವತ್ತೆಂಟು ದಿನ ತುಂಬಿತು. ಹುಲಿಗೆವ್ವ ತನ್ನ ಬುತ್ತಿ ಬಿಚ್ಚಿ ಒಂದು ಜ್ವಾಳದ ರೊಟ್ಟಿ ಕೊಟ್ಲು. ಫಕೀರವ್ವ ಅದನ್ನ ಎರಡು ಕೈಲೆ ಹಿಡಕೊಂಡ್ಲು, ಮೂಸಿದ್ಲು, ಚೂರು ಚೂರು ಮುರಿದು ಅಗಿದು ತಿಂದ್ಲು. ಮುಗಿಸಾಕ ಅರ್ಧ ತಾಸು ಹಿಡೀತು.

"ಇನ್ನೊಂದು ಕೊಡ್ಲೇನು?"

"ಬ್ಯಾಡ ಆಯೀ. ಸಾಕು ಅನ್ನೂದು ಇವತ್ತು ಗೊತ್ತಾತು."

ಸಂಕ್ರಾಂತಿ ಬಂತು, ಹೋತು. ಆಕಿ ಒಲಿ ಆಕಿಗೆ ತಿರುಗಿ ಸಿಕ್ಕಿತು. ಹೋಳಿಗಿ ಮಾಡಿದ್ಲು, ಮಂದಿಗೆ ಬಡಸಿದ್ಲು, ತಾನು ಒಂದ ಚಮಚ ನೋಡಿದ್ಲು. ಮುಂಜಾನಿ ಮಾತ್ರ ಗುಡ್ಡ ಬಿಡಲಿಲ್ಲ. ಒಂದಿನ ಗುಡ್ಡದ ಬುಡಕ್ಕ ಬಂದ್ರ ಅಲ್ಲಿ ಯಾರು ನಿಂತಾರ? ದೇಸಾಯಿ! ಕಾಲು ಬಾತಾವ, ಮುಖ ಬಾಡೈತಿ, ಕೈಯಾಗ ಬೆತ್ತ.

"ಫಕೀರವ್ವ, ನನಗೂ ಎಲಿ ಹೆಸರು ಕಲಿಸ್ತಿಯೇನವ್ವ?"

ಫಕೀರವ್ವ ಆತನ್ನ ನೆತ್ತಿಯಿಂದ ಉಂಗುಟದ ತನಕ ನೋಡಿದ್ಲು. ಪಲ್ಲಕ್ಕಿ ಹೊತ್ತು ಹಿಂದ ನಿಂತ ನಾಕು ಮಂದಿ ಬೋಯಿಗಳನ್ನೂ ನೋಡಿದ್ಲು.

"ಕಲಿಸ್ತೀನ್ರಿ ಧಣ್ಯಾರ. ಪಲ್ಲಕ್ಕಿ ಮಾತ್ರ ಇಲ್ಲೇ ಬಿಡ್ರಿ."

ಕಥಿ ಗುಡ್ಡ ಹತ್ತಿ ಹೋತು, ನಾವು ನೀವು ಕೆಳಗ ಉಳದ್ವಿ. ಕೇಳಿದವ್ರ ಹೊಟ್ಟಿ ತಣ್ಣಗಿರಲಿ, ಹೇಳಿದವ್ರ ನಾಲಿಗಿ ಹಸರಾಗಿರಲಿ. ಏಳ್ರಿನ್ನ.