ಸಪ್ಪಳಕ್ಕ ಅಂಜದ ಮಗಳು

ಶನಿವಾರ ಇತ್ರಿ ಅಕ್ಕೋರ, ನಾ ಮೊದಲ್ನೇ ಸಲ ಬಿಟ್ಟು ಹೋಗಿದ್ದು. ಮುಂಜಾನಿ ಸಾಲಿ. ಸಂತಪುರದಾಗ ನಾಕನೇ ಕ್ಲಾಸ. ಮಾಸ್ತರು ಎದ್ದು ನಿಂತು ಮಗ್ಗಿ ಹೇಳು ಅಂದ್ರು, ನನ್ನ ಬಾಯಾಗಿಂದ ಮಾತೇ ಹೊರಡಲಿಲ್ಲ. ನೀರು ಕುಡಿದು ಬರ್ತೇನಿ ಅಂತ ಹೋದಾಂವ ಔರಾದ ಬಸ್ ಹತ್ತಿದೆ. ಪಾಟಿಚೀಲ ಅಲ್ಲೇ ಉಳೀತು... ಹಾಂ? ಅದಲ್ಲೇನ್ರಿ? ಮಗಳು ಮಾಯಾ ಹುಟ್ಟಿದ ಮ್ಯಾಲ ಮನಿ ಬಿಟ್ಟು ಯಾವಾಗ ಹೋದಿ ಅಂತ ಕೇಳಿದ್ರೇನು. ಯಾಕ ನಗ್ತೀರಿ. ಈ ಉತ್ತಮ ಅನ್ನಾಂವ ಎಷ್ಟು ಸಲ ಹೋಗ್ಯಾನ ಅಂತ ಚಿದ್ರಿಯಾಗ ಯಾರಿಗಿ ಕೇಳಿದ್ರೂ ಹೇಳ್ತಾರ. ನೀವು ಕಮಲನಗರದಿಂದ ಈ ಅಂಗನವಾಡಿಗಿ ಬಂದು ತಿಂಗಳಾಗಿಲ್ಲ, ನಿಮಗೂ ಹೇಳ್ಯಾರ.

ಕೂಡ್ರಿ. ಆಕೀ ಅವ್ವ ಇನ್ನೂ ಹೊಲಿಗಿ ದುಕಾನದಾಗ ಇದ್ದಾಳ, ಬರ್ಲಿಕ್ಕಿ ಹೊತ್ತಾಗ್ತದ. ಮಾಯಾ ಅಲ್ಲೇ ಹೊಸ್ತಿಲ ಮುಂದ ಬಟ್ಟಲ ಸಾಲಾಗಿ ಹಚ್ಕೊಂಡು ಆಡ್ಕೋತ ಕೂತಾಳ ನೋಡ್ರಿ. ಮೂರೂವರಿ ವರ್ಷ ಆಯ್ತು. ಒಂದು ಮಾತಿಲ್ಲ.

ನಾಳಿ ಕಿವಿ ಡಾಕ್ಟರಿಗಿ ಎಲ್ಲಾ ಬರದು ಕೊಡಬೇಕಂದ್ರ ಬರೀರಿ, ಹೇಳ್ತೇನಿ. ಎರಡು ತಿಂಗಳಿನ್ಯಾಗ ಊಂ, ಆಂ ಅಂತಿದ್ಳು. ಇದು ಸುಳ್ಳಲ್ರಿ. ನನ್ನ ತೊಡಿ ಮ್ಯಾಲ ಮಲಗಿ ಮ್ಯಾಲ ತಗಡು ನೋಡ್ಕೋತ ಅಂತಿದ್ಳು. ನಾ ಊಂ ಅಂದ್ರ ಆಕೀನೂ ಬಾಯಿ ತೆರೀತಿದ್ಳು. ಆರು ತಿಂಗಳಿಗಿ ಬ ಬ ಬ ಸುರು ಮಾಡಿದ್ಳು. ನಮ್ಮತ್ತಿ ಕೌಸಲ್ಯಾಬಾಯಿ ಅವರಂತೂ, ಮೊಮ್ಮಗಳು ಅಪ್ಪಗ ಬಾಬಾ ಅಂತ ಕರೀಲಿಕ್ಕತ್ಯಾಳ ಅಂತ ಭಾಲ್ಕಿಯಾಗ ತಮ್ಮ ಓಣಿ ತುಂಬ ಪೇಡೆ ಹಂಚಿದ್ರು.

ಆಮ್ಯಾಲ... ಆಮ್ಯಾಲ ಕಡಿಮಿ ಆಯ್ತ್ರಿ.

ಹೌದಾ? ಕಿವಿ ಕೇಳ್ದಿದ್ರೂ ಕೂಸು ಅಷ್ಟು ದಿನ ಊಂ ಆಂ ಅಂತದ? ತನ್ನ ದನಿ ತನಗ ಕೇಳ್ದಿದ್ರ ಆಮ್ಯಾಲ ತಾನೇ ಸುಮ್ಮ ಆಗ್ತದ... ಇದು ನಮಗ ಯಾರು ಹೇಳ್ಯಾರ್ರಿ. ನಮ್ಮ ಮನ್ಯಾಗ ಎಲ್ಲಾರೂ ಏನಂದ್ರು ಗೊತ್ತೇನು, ಅಪ್ಪನೂ ತಡಾ ಮಾಡೇ ಮಾತಾಡ್ಯಾನ, ಅವನ ಮಗಳು ಅಲಾ, ಬರ್ತದ ಅಂದ್ರು.

ಇನ್ನೊಂದು ಹೇಳ್ತೇನಿ, ನಗಬ್ಯಾಡ್ರಿ. ನಾ ಬೋರ್ ಗಾಡಿ ಮ್ಯಾಲ ಕೆಲಸಾ ಮಾಡಾಂವ. ಇವತ್ತು ಔರಾದ, ನಾಳಿ ಉದಗೀರ, ಎಲ್ಲಿ ನೀರು ಬೇಕೋ ಅಲ್ಲಿ ನೆಲಕ್ಕ ತೂತು ಹಾಕೋದು. ಒಂದ್ಸಲ ಬಾಜೂ ಪ್ಲಾಟಿನ್ಯಾಗ ಅಬ್ದುಲ ಮಜೀದ ಅವರ ಬೋರು ಹೊಡೀಲಿಕ್ಕಿ ನಮ್ಮದೇ ಗಾಡಿ ಬಂತು. ಆ ಸಪ್ಪಳ ಕೇಳೀರೇನು ನೀವು? ಓಣಿ ನಾಯಿ ಎಲ್ಲಾ ಊರು ಬಿಟ್ಟು ಹೋದ್ವು. ಹೆಣ್ಮಕ್ಕಳು ಕಿವಿ ಮುಚ್ಕೊಂಡು ನಿಂತಾರ. ನಮ್ಮ ಮಾಯಾ ತೊಟ್ಲಾಗ ಬೆರಳು ಚೀಪ್ಕೋತ ಮಲಗ್ಯಾಳ. ಕಣ್ಣು ಸುದ್ದಾ ತೆರೀಲಿಲ್ಲ. ಮಜೀದ ಭಾಯಿ ಹೊಟ್ಟಿ ಹಿಡ್ಕೊಂಡು ನಕ್ಕರು. 'ಬೋರ್‌ವಾಲೇ ಕೀ ಬೇಟಿ ಹೈ ಭೈ' ಅಂದ್ರು, ಬೋರಿನವನ ಮಗಳು ಅಲಾ ಅಂತ. ನಾವೂ ನಕ್ಕೆವು. ಅವತ್ತಿನಿಂದ ಆಕೀ ಹೆಸರೇ ಬಿತ್ತು, ಸಪ್ಪಳಕ್ಕ ಅಂಜದ ಮಗಳು ಅಂತ. ಪಟಾಕಿ ಹೊಡೆದ್ರೂ ಅದೇ ಮಾತು, ತಾಟು ಬಿದ್ರೂ ಅದೇ ಮಾತು. ಧೈರ್ಯ ಅಂದ್ಕೊಂಡೆವ್ರಿ. ಅದನ್ನ ನಾವು ಧೈರ್ಯ ಅಂದ್ಕೊಂಡೆವು.

ಯಾವಾಗ ಗೊತ್ತಾಯ್ತು ಅಂತೀರಿ? ಬರೀರಿ... ಎರಡು ವರ್ಷಕ್ಕ ಜ್ವರ ಬಂದಿತ್ತು, ದೊಡ್ಡ ಜ್ವರ. ಅದಾದ ಮ್ಯಾಲೇ ಆಕಿಗಿ ಹಿಂಗ ಆಯ್ತು. ಹಂಗೇ ಬರೀರಿ.

ಯಾಕ, ಪೆನ್ನು ಯಾಕ ನಿಂತಿತು?

ಆ ಕಾರ್ಡ ಯಾಕ ತಿರಗಿಸ್ತೀರಿ. ಅದು ತಾಯಿ ಕಾರ್ಡ, ಕೂಸು ಯಾವಾಗ ಏನು ಕಲೀತು ಅಂತ ಗುರ್ತು ಹಾಕೋದು, ಅದರಾಗೆಲ್ಲಾ ಟಿಕ್ ಅವ ನೋಡ್ರಿ. ದನಿ ಬಂದ ಕಡಿ ತಿರುಗಿ ನೋಡ್ತದ, ಟಿಕ್. ವರ್ಷಕ್ಕ ಒಂದು ಮಾತು, ಟಿಕ್. ಎರಡು ವರ್ಷಕ್ಕ ಎರಡು ಮಾತು ಜೋಡಿಸಿ ಹೇಳ್ತದ, ಅದಕ್ಕೂ... ಹೌದು, ಮೂರು ವರ್ಷದ್ದಕ್ಕೂ ಅದ. ಹೌದು, ಎಲ್ಲಾ ಹಸಿರು ಪೆನ್ನೇ. ನಮ್ಮ ಗಾಡಿ ಮ್ಯಾಲ ಬೋರು ಎಷ್ಟು ಫೂಟ ಇಳೀತು ಅಂತ ಬರಿಯೋ ಪೆನ್ನದು.

ಹಂಗ ನೋಡಬ್ಯಾಡ್ರಿ ಅಕ್ಕೋರ.

ಆಯ್ತು. ನಾನೇ ಹಾಕಿದ್ದು. ಅಂಗನವಾಡಿಗಿ ಹೋಗಿ ಬರ್ಸ್ಕೊಂಡು ಬಾ ಅಂತ ಆಕೀ ಅವ್ವ ಕಳಿಸಿದ್ಳು. ಕೂಸಿಗಿ ಆಗ ಹತ್ತು ತಿಂಗಳು. ಬಾಗಿಲ ತನಕ ಹೋದೆ, ಒಳಗ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಕೂತು ಒಂದೇ ಸಲ ಎಲ್ಲಾ ಹಾಕಿ ಬಿಟ್ಟೆ. ಖಾಲಿ ಬಿಟ್ರ ಮಾಸ್ತರು ಹೊಡೀತಿದ್ರಲಾ, ಆ ಅಂಜಿಕಿ ಇನ್ನೂ ಹೋಗಿಲ್ರಿ ನನಗ. ಆಕಿ ಅದನ್ನ ನೋಡಿ, ನಿಮ್ಮಂಥ ಟೀಚರೇ ಹಾಕ್ಯಾರ, ಮುಂದಿಂದೂ ಎಲ್ಲಾ ಬರ್ತದ ಅಂತ ನಂಬಿ ಕೂತ್ಳು. ಅತ್ತಿ ಅವರು ಡಾಕ್ಟರಿಗಿ ತೋರಿಸೋಣು ಅಂದಾಗೆಲ್ಲಾ ಕಾರ್ಡ ತಗದು ತೋರಸ್ತಿದ್ಳು.

ಬೇಕಾದ್ರ ಬೈರಿ.

...ಯಾಕ ಒಳಗ ಹೋಗಲಿಲ್ಲ ಅಂತಾ? ಅದನ್ನೇ ಕೇಳ್ತೀರಿ ಅಂತ ನನಗ ಗೊತ್ತಿತ್ತು.

ಅದರ ಹಿಂದಿನ ದಿನ. ಮಧ್ಯಾಹ್ನ, ಎಲ್ಲಾರೂ ಮಲಗಿದ್ರು. ನಾ ಹೋಗೋನೇ ಇದ್ದೆ, ಹೇಳದೇ. ಹೇಳಿದ್ರ ಅಳ್ತಾರ. ಮೆತ್ತಗ ಚೀಲ ಇಳಸಾಗ ಕೈ ತಾಗಿ ಟ್ರಂಕು ಬಿತ್ರಿ ಅಟ್ಟದ ಮ್ಯಾಲಿಂದ, ನೆಲಕ್ಕ, ಧಡಾರ್ ಅಂತ. ಆಕೀ ಅವ್ವ ಎದ್ದು ಕೂತ್ಳು. ಅತ್ತಿ ಅವರು 'ಯಾರದು' ಅಂದ್ರು. ಕೂಸು ಎಚ್ಚರನೇ ಇತ್ತು. ನನ್ನ ಕಡಿ ಬೆನ್ನು ಮಾಡಿ, ಗ್ವಾಡಿ ಮ್ಯಾಲಿನ ಬಿಸಿಲಿನ ಜೋಡಿ ಆಡ್ಲಿಕ್ಕತ್ತಿತ್ತು. ತಿರುಗಲಿಲ್ರಿ. ಕತ್ತು ಸುದ್ದಾ ಅಲಗಲಿಲ್ಲ. ನಾ ಹಿಂದ ಹೋಗಿ ಚಪ್ಪಾಳಿ ಹೊಡೆದೆ. ಮಾಯಾ ಅಂದೆ. ಮತ್ತ ಅಂದೆ.

ಅವತ್ತೇ ಗೊತ್ತಾಯ್ತು. ನನಗೊಬ್ಬಂಗೇ ಗೊತ್ತಾಯ್ತು.

ಹೇಳಿದ್ರ ಇಲ್ಲೇ ಉಳೀಬೇಕಾಗ್ತಿತ್ತು. ದವಾಖಾನಿ, ಹೈದರಾಬಾದ, ಕಿವಿ ಮಶೀನು... ಉಳಿಯೋದು ನನಗ ಬರೋದಿಲ್ರಿ ಅಕ್ಕೋರ. ಟಿಕ್ ಹಾಕಿದೆ, ಕಾರ್ಡ ಕೊಟ್ಟೆ, ಹೋದೆ.

ಜ್ವರದ ಮಾತು ಹೊಡೀರಿ, ಕಾಟು ಹಾಕ್ರಿ. ಹತ್ತು ತಿಂಗಳು ಅಂತ ಬರೀರಿ, ಅದಕ್ಕೂ ಮೊದಲಿಂದನೇ ಕೇಳ್ತಿರಲಿಲ್ಲ ಅಂತ ಬರೀರಿ. ಅಪ್ಪಗ ಗೊತ್ತಿತ್ತು ಅಂತನೂ ಬರೀರಿ. ಜ್ವರಾ ಅಂತ ನಂಬಿ ಡಾಕ್ಟರು ದಾರಿ ತಪ್ಪೋದು ಬ್ಯಾಡ. ಇನ್ನೂ ಹೊತ್ತು ಹೋಗಿಲ್ಲ ಅಂತೀರೇನು? ...ಹೂಂ. ಬಹಳ ಹೋಗ್ಯದ, ಪೂರಾ ಹೋಗಿಲ್ಲ. ತಿಳೀತು ನಿಮ್ಮ ಮಾರಿ ನೋಡಿ.

ನಾಳಿ ನಾನೂ ಬರಬೇಕಾ?

ಅದು... ನಮ್ಮ ಬೋರ್ ಗಾಡಿ ಡ್ರೈವರ ಮಚ್ಛೇಂದ್ರನ ಫೋನ್ ಬಂದಿತ್ರಿ. ಗಾಡಿ ಸಂಜಿಗಿ ಕಮಲನಗರ ಬಿಡ್ತದ. ಆಕೀ ಅವ್ವ ಬರೋದ್ರಾಗ ನಾ... ಈ ಬರದದ್ದು ಆಕಿ ಓದ್ತಾಳಲಾ. ಓದಿದ ಮ್ಯಾಲ ಆಕೀ ಮುಂದ ಹ್ಯಾಂಗ ಕೂಡ್ಲಿ ಹೇಳ್ರಿ. ಚೀಲ ಇಳಿಸಿದೆ ನೋಡ್ರಿ, ಎರಡು ಅಂಗಿ, ಒಂದು ಚಾದರ, ಅಷ್ಟೇ. ಇದಕ್ಕ ಎಷ್ಟು ಹೊತ್ತು ಬೇಕು.

ಹಿಂದ ಏನು ನೋಡ್ಲಿಕ್ಕತ್ತೀರಿ?

...ಓ. ನೋಡಿ ಬಿಟ್ಟಳಾ ಮಾಯಾ.

ಕೇಳೋದಿಲ್ಲ ಆಕಿಗಿ, ಖರೇ. ಆದ್ರ ಗೂಟದ ಮ್ಯಾಲಿಂದ ಚೀಲ ಇಳಿಸಿದ್ರ ಸಾಕು, ಬಟ್ಟಲ ಬಿಟ್ಟು ಎದ್ದು ನಿಂತು ಕೈ ಆಡಸ್ತಾಳ. ಟಾಟಾ. ಅಳೋದಿಲ್ಲ, ಏನಿಲ್ಲ. ಒಂದು ಮಾತೂ ಬರೋದಿಲ್ಲ ಅಂತ ಬರದೀರಲಾ, ಅದೊಂದು ತಪ್ಪದ ಅಕ್ಕೋರ. ಇದೊಂದು ಬರ್ತದ ನನ್ನ ಮಗಳಿಗಿ. ಬರ್ಕೋರಿ.

ಕಲಿಸಿದವರು ಯಾರು ಅಂತ ಮಾತ್ರ ಖಾಲಿ ಬಿಡ್ರಿ.