ಇಂಜೆಕ್ಷನ್ನಿಗೆ ಚಳಿ ಬಿಡುವ ತನಕ

…ಅಯ್ಯೋ ಪುಟ್ಟಿ, ನೀನು ಹೇಳಿದ್ದು ತಪ್ಪು ಅಂತ ನಾನೆಲ್ಲಿ ಅಂದೆ? ನೀನು ನರ್ಸು, ನಾನು ಫೈರ್ ಸ್ಟೇಷನ್ನಿನಲ್ಲಿ ಫೋನ್ ಎತ್ತೋನು. ಶ್ವಾಸಕೋಶ, ಉಬ್ಬಸದ ವಿಚಾರದಲ್ಲಿ ನಿನ್ನ ಎದುರು ಬಾಯಿ ಬಿಡೋಕೆ ನನಗೇನು ಹುಚ್ಚೇ? ನೀನು ಹೇಳಿದ್ದನ್ನೇ ನನ್ನ ಮಾತಲ್ಲಿ ಹೇಳ್ತಿದೀನಿ, ಅಷ್ಟೇ. ಆ ಇಂಜೆಕ್ಷನ್ನು ಈಗಷ್ಟೇ ಫ್ರಿಜ್ಜಿಂದ ಹೊರಗೆ ಬಂದಿದೆ, ಅದಕ್ಕೆ ಚಳಿ ಬಿಡೋಕೆ ಅರ್ಧ ಗಂಟೆ ಬೇಕು ಅಂದೆಯಲ್ಲ. ಅಲ್ಲೀವರೆಗೆ ಅಣ್ಣ ತಂಗಿ ಮುಖ ಮುಖ ನೋಡ್ಕೊಂಡು ಕೂರಬೇಕಾ?

ಏನು, ತೋಳು ಕೊಡಬೇಕಾ? ತಗೋ. ಬಿ.ಪಿ. ನೋಡುವಾಗ ಮಾತಾಡಬಾರದಾ? ಸರಿ, ಮೆಲ್ಲಗೆ ಮಾತಾಡ್ತೀನಿ.

ಸೈಟೊಕೈನ್ ಅಂದೆಯಲ್ಲ… ಪ್ರೋಟೀನ್ ಅಂದ್ರೆ ಮೊಟ್ಟೆಯಲ್ಲಿರೋದು, ತಿಂದ್ರೆ ತೋಳು ದಪ್ಪ ಆಗುತ್ತೆ ಅಂತ ಇಷ್ಟು ವರ್ಷ ನಂಬಿದ್ದೆ ಕಣೆ. ಇದು ಸುದ್ದಿ ಮುಟ್ಟಿಸೋ ಪ್ರೋಟೀನಂತೆ! ಒಂದು ಜೀವಕೋಶ ಇನ್ನೊಂದಕ್ಕೆ ಮಾಡೋ ಫೋನು. ಅಂದ್ರೆ ನಮ್ಮ ಕಸುಬೇ!

ನೋಡು. ಯಾರದೋ ಮನೇಲಿ ಒಂದು ಬ್ರೆಡ್ಡು ಸೀದುಹೋಯ್ತು. ಕಿಟಕಿ ತೆಗೆದ್ರೆ ಮುಗೀತು. ಆದ್ರೆ ಮನೆಯಾಕೆ ಗಾಬರಿಬಿದ್ದು ನಮಗೆ ಫೋನ್ ಮಾಡ್ತಾಳೆ. ಆ ಮನೆಯಾಕೆ ಅಂದ್ರೆ ನನ್ನ ಉಸಿರುನಾಳದ ಒಳಪದರ. ಒಂದು ಚೂರು ಧೂಳು, ಒಂದು ಬೆಕ್ಕಿನ ಕೂದಲು ಸಾಕು, "ಬನ್ನಿ, ಬನ್ನಿ, ಹೋಯ್ತು!" ಅಂತ ಬಾಯಿ ಬಡ್ಕೊಳ್ತಾಳೆ. ಅಲ್ಲಿ ಫೋನ್ ಎತ್ತೋನು ನನ್ನಂಥ ಸಮಾಧಾನಿ ಅಲ್ಲ. ಅವನು ಇನ್ನು ನಾಲ್ಕು ಠಾಣೆಗೆ ಫೋನ್ ಹಚ್ತಾನೆ. ಹತ್ತು ಗಾಡಿ ಒಂದೇ ಗಲ್ಲಿಗೆ ನುಗ್ತವೆ. ನೀರು ಬಿಟ್ಟಿದ್ದೇ ಬಿಟ್ಟಿದ್ದು… ಗೋಡೆ ಊದಿಕೊಳ್ತು, ಹೊಸ್ತಿಲವರೆಗೂ ಕೆಸರು. ಆ ಕೆಸರೇ ನನ್ನ ಕಫ. ಗಾಳಿಗೆ ದಾರಿ ಎಲ್ಲಿ? ಸಂದಿಯಲ್ಲಿ ಸಿಳ್ಳೆ ಹೊಡೀತಾ ನುಸುಳಬೇಕು. ಸುಟ್ಟಿದ್ದು ಒಂದು ತುಂಡು ಬ್ರೆಡ್ಡು. ಗಲ್ಲಿ ಹಾಳು ಮಾಡಿದ್ದು ಬೆಂಕಿಯಲ್ಲ ಕಣೆ, ಆರಿಸೋಕೆ ಬಂದೋರು!

ನಗು ಬಂತಲ್ಲ? ಬಾಯಿಗೆ ಕೈ ಅಡ್ಡ ಇಟ್ರೆ ಗೊತ್ತಾಗಲ್ವಾ? ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಕ್ಕೆ ಕೈ ಹಾಕಿ ಸಿಕ್ಕಿಬಿದ್ದಾಗಲೂ ಹೀಗೇ ನಗ್ತಿದ್ದೆ.

ಇನ್ನು ನೀನು ಕೊಟ್ಟ, ಬಾಯಿಂದ ಔಷಧಿ ಎಳ್ಕೊಳ್ಳೋ ಪಂಪು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಅದು ನಮ್ಮ ಮೇಲಧಿಕಾರಿ ಇದ್ದ ಹಾಗೆ. ದಿನಾ ಬಂದು ಬೆನ್ನು ತಟ್ಟಿ, "ಗಾಬರಿ ಬೇಡ್ರಪ್ಪಾ, ಬರೀ ಬ್ರೆಡ್ಡು" ಅಂತ ಹೇಳಿ ಹೋದ್ರೆ ಒಂದು ಗಾಡಿಯೂ ಹೊರಡಲ್ಲ. ಅಷ್ಟು ಹೇಳಿದ್ರೂ ಕೇಳದ ಮೊಂಡರಿಗೆ, ಅಂದ್ರೆ ಪಂಪಿಗೆ ಬಗ್ಗದೋರಿಗೆ, ಈ ಇಂಜೆಕ್ಷನ್ನು. ಇದು ಸೀದಾ ಹೋಗಿ ಫೋನಿನ ತಂತಿಯನ್ನೇ ಹಿಡ್ಕೊಳ್ತದೆ… ಸರಿಯಾಗಿ ಹೇಳಿದ್ನಾ? ತಲೆ ಆಡಿಸಿದೆ! ಬರ್ಕೊಳ್ಳಲಿ ಯಾರಾದ್ರೂ, ತಂಗಿ ಅಣ್ಣನ ಮಾತು ಒಪ್ಪಿದಳು!

ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದಾರಲ್ಲ, ಅವರಿಗೂ ಇದೇ ಇಂಜೆಕ್ಷನ್ನಾ? ಅವರ ಸರದಿ ಬರೋಕೆ ಇನ್ನೂ ತಿಂಗಳಾ… ಓ. ಇಲ್ಲ, ಸುಮ್ನೆ ಕೇಳಿದೆ.

ನಮ್ಮಲ್ಲಿ ಸುಳ್ಳು ಕರೆ ಬರ್ತವೆ ಗೊತ್ತಾ? ಮಾಡಿದೋರ ಹೆಸರು ಪುಸ್ತಕದಲ್ಲಿ ಬರೀಬೇಕು, ಅದು ನಿಯಮ. ಗಾಡಿ ಇಲ್ಲಿ ಬಂದು ನಿಂತಿರುತ್ತೆ, ನಿಜವಾದ ಬೆಂಕಿ ಇನ್ನೆಲ್ಲೋ ಹತ್ತಿರುತ್ತೆ. ಇಪ್ಪತ್ತಾರು ವರ್ಷದಲ್ಲಿ ಅಂಥ ಒಬ್ಬನನ್ನೂ ನಾನು ಸುಮ್ನೆ ಬಿಟ್ಟಿಲ್ಲ. ಆದ್ರೆ ಮಾತೇ ಆಡದ ಕರೆ ಬಂದ್ರೆ ಮಾತ್ರ ಫೋನ್ ಇಡೋ ಹಾಗಿಲ್ಲ. ಆ ಕಡೆಯೋರು ಬಾಯಿ ಬಿಡೋ ತನಕ ಕಾಯಬೇಕು. ಎಷ್ಟು ಹೊತ್ತಾದ್ರೂ ಸರಿ.

ಪಂಪಾ? ತಂದಿದೀನಲ್ಲ. ಚೀಲದ ಪಕ್ಕದ ಜೇಬಲ್ಲಿದೆ, ತಗೋ. ಹಿಂದೆ ಎಣಿಕೆ ತೋರಿಸೋ ಕಿಂಡಿ ನೋಡು, ಸೊನ್ನೆ! "ನಮ್ಮಣ್ಣ ಒಂದು ದಿನವೂ ತಪ್ಪಿಸೋನಲ್ಲ" ಅಂತ ಡಾಕ್ಟರಮ್ಮನಿಗೆ ನೀನೇ ಹೇಳಿದ್ದೆಯಲ್ಲ, ನಿನ್ನ ಮಾತು ಉಳಿಸಿದೀನಿ.

…ಏನು ನೋಡ್ತಿದೀಯ? ಆ ಪ್ಲಾಸ್ಟರ್ ಚೂರಾ? ಅದು ನೀನೇ ಅಂಟಿಸಿದ್ದು, ಈ ಪಂಪು ಶುರು ಮಾಡಿದ ತಾರೀಖು. ನಿನ್ನ ಅಕ್ಷರ ನಿನಗೇ ಓದೋಕೆ ಬರಲ್ವಾ? ಒಂದನೇ ತಾರೀಖು. ಇವತ್ತು…

ಇವತ್ತು ಇಪ್ಪತ್ತೆರಡು.

ಹೌದು, ತಿಂಗಳು ಪೂರ್ತಿ ಬರಬೇಕಾದ್ದು. ಒಂದೆರಡು ಸಲ ಜಾಸ್ತಿ ಎಳ್ಕೊಂಡಿರಬೇಕು. ಉಸಿರು ಕಟ್ಟಿದಾಗ ಯಾರು ಎಣಿಸ್ತಾರೆ ಹೇಳು? …ಚೀಲದಲ್ಲೂ ಒತ್ತಿಹೋಗಿರಬಹುದು. ನಿನ್ನೆ ಬಸ್ಸಲ್ಲಿ ಏನು ಗಲಾಟೆ ಅಂತೀಯ, ಜನ ಮೈಮೇಲೆ ಬಿದ್ದು ಬಿದ್ದು…

ಹಾಗೆ ನೋಡಬೇಡ ಕಣೆ. ಅಮ್ಮ ನೋಡ್ತಿದ್ದಂಗೇ ನೋಡ್ತೀಯ.

ಏನಾದ್ರೂ ಅನ್ನು. ಬೈಯೋದಾದ್ರೂ ಬೈ.

…ಡಾಕ್ಟರಮ್ಮ ಈ ಸಲ ಒಂದು ವಾರ ಮುಂಚೆ ಕರೆಸಿದ್ರು. ನನಗೆ ಅದು ತಲೆಗೇ ಹೋಗಲಿಲ್ಲ. ಪ್ರತಿ ಸಲದ ಹಾಗೆ ಇಲ್ಲಿಗೆ ಬರೋ ಹಿಂದಿನ ದಿನ ಕಿಟಕಿ ಹತ್ತಿರ ನಿಂತೆ, ಹೊರಗೆ ಒತ್ತಿದೆ, ಸೊನ್ನೆ ಬರೋವರೆಗೂ ಒತ್ತಿದೆ. ಗಾಳಿ ಈ ಕಡೆ ಬೀಸ್ತಿತ್ತು, ಅರ್ಧ ಔಷಧಿ ಮುಖಕ್ಕೇ ವಾಪಸ್ಸು ಬಂತು. ಅಷ್ಟಾದ್ರೂ ಒಳಗೆ ಹೋಗಿರಬೇಕಲ್ವಾ? …ಇಲ್ಲ, ಈಗ ನಗಬೇಕಾಗಿಲ್ಲ. ನೀನೂ ನಗ್ತಿಲ್ಲ.

ಗಂಟಲು ಕಣೆ, ಪುಟ್ಟಿ. ಆ ಪಂಪು ಎಳ್ಕೊಂಡು ವಾರಕ್ಕೆಲ್ಲ ದನಿ ಒಡೀತು. ಒಂದು ಹೆಂಗಸು ಫೋನ್ ಮಾಡಿದ್ಲು, ಮೆಟ್ಟಿಲ ತುಂಬ ಹೊಗೆ, ಕೈಯಲ್ಲಿ ಮಗು. ಒದ್ದೆ ಬಟ್ಟೆ ಬಾಗಿಲ ಸಂದಿಗೆ ತುರುಕಿ ಅಂತೀನಿ, ದನಿ ಹೊರಡಲ್ಲ. "ಏನು? ಏನು?" ಅಂತ ಮೂರು ಸಲ ಕೇಳಿದ್ಲು. ಕೊನೆಗೆ ಪಕ್ಕದ ಕುರ್ಚಿ ಹುಡುಗಿ ನನ್ನ ಕೈಯಿಂದ ಫೋನ್ ಕಿತ್ಕೊಂಡಳು. ತಾಯಿ ಮಗು ಬದುಕಿದ್ರು. ನನಗೆ ಆ ಕುರ್ಚಿ ಬಿಟ್ರೆ ಇನ್ನೇನು ಬರುತ್ತೆ ಹೇಳು?

ಎಳ್ಕೊಂಡ ಮೇಲೆ ಬಾಯಿ ಮುಕ್ಕಳಿಸು ಅಂತ ನೀನು ಅಂದಿದ್ದೆ. ಹೌದು. ಆ ಉದ್ದದ ಕೊಳವೆ ಹಾಕಿ ಎಳ್ಕೋ, ಗಂಟಲಿಗೆ ಅಂಟಲ್ಲ ಅಂದಿದ್ದೆ. ಅದು ಇನ್ನೂ ಕವರಿನಲ್ಲೇ ಇದೆ.

…

ಗೊತ್ತಾಯ್ತು ಬಿಡು. ನೀನು ಫೋನ್ ಇಡೋಳಲ್ಲ.

ಆ ಇಂಜೆಕ್ಷನ್ ಮುಟ್ಟಿ ನೋಡು, ಇನ್ನೂ ಚಳಿ ಇದ್ರೆ ಮತ್ತೆ ಫ್ರಿಜ್ಜಲ್ಲಿಡು, ಅಜ್ಜಿಗಾಗುತ್ತೆ. ಡಾಕ್ಟರಮ್ಮನ ಹತ್ತಿರ ನಾನೇ ಹೋಗ್ತೀನಿ, ನೀನು ಬರಬೇಡ. ಅದಕ್ಕೆ ಮುಂಚೆ ಆ ಕಾಗದ, ಪೆನ್ನು ತಗೋ. "ಯಾರು ಮಾತಾಡ್ತಿರೋದು" ಅಂತ ಮೊದಲು ಕೇಳಬೇಕು ಕಣೆ, ಅದು ನಿಯಮ… ಕೇಳಲ್ವಾ? ಸರಿ, ಬರ್ಕೋ.

ನಿನ್ನ ಅಣ್ಣ ಮಾತಾಡ್ತಿರೋದು. ಮೂರು ತಿಂಗಳಿಂದ ಔಷಧಿ ತಗೊಂಡಿಲ್ಲ.