ಮೂರನೇ ಹಾಡಿನ ಕಾಲು

ಚಪ್ಪಲಿ ಹೊಲಿಯುವವನ ಕೈ ಕೆಲಸದಲ್ಲಿತ್ತು. ಕಿವಿ ಮಾತ್ರ ಬೆಂಚಿನ ಮೇಲೆ ಕೂತ ಗಂಡ-ಹೆಂಡತಿಯ ಕಡೆಗಿತ್ತು.

“ಬರೀ ಗಿಟಾರು, ಡ್ರಮ್ಮು ಸಾಕು ಅಂತ ಬ್ಯಾಂಡಿನವರು ನನ್ನ ಕೀಬೋರ್ಡನ್ನ ಆಚೆ ಹಾಕಿದ್ರಲ್ಲ, ಆ ಆಲ್ಬಮ್ ಕೇಳ್ದೆ,” ಎಂದ ಗಂಡ.

“ಹೇಗಿದೆ?”

“ಚೆನ್ನಾಗೇ ಇದೆ, ಅದೇ ಹೊಟ್ಟೆಉರಿ. ಆದ್ರೆ ಮೂರನೇ ಹಾಡಲ್ಲಿ ಯಾರೋ ಕಾಲಲ್ಲಿ ತಾಳ ಹಾಕ್ತಿದಾರೆ. ಟಕ್, ಟಕ್.”

“ಡ್ರಮ್ಮರ್ ಇರ್ಬೇಕು.”

“ಅವನ ಎರಡೂ ಕಾಲು ಪೆಡಲ್ ಮೇಲಿರುತ್ತೆ.”

“ಹಾಗಾದ್ರೆ ಗಿಟಾರಿನವನು.”

“ಅವನು ನುಡಿಸೋದೇ ಬರಿಗಾಲಲ್ಲಿ. ಇದು ಹೀಲಿನ ಸದ್ದು. ರೆಕಾರ್ಡಿಂಗ್ ರೂಮಲ್ಲಿ ಇನ್ಯಾರೋ ಇದ್ರು.”

“ನಿಮಗೆ ಎಲ್ಲದ್ರಲ್ಲೂ ಅನುಮಾನ.”

“ಹದಿನೈದು ವರ್ಷ ಅವರ ಜೊತೆ ನುಡಿಸಿದೀನಿ. ನನ್ನ ಕಿವಿಗೇ ಹೂವಿಡ್ತೀಯಾ?”

ಚಪ್ಪಲಿಯವನು ಹೆಂಡತಿಯ ಜೋಡನ್ನು ತಿರುಗಿಸಿ ನೋಡಿದ. ಎಡಗಾಲಿನದು ಹೊಸದರಂತಿತ್ತು, ಬಲಗಾಲಿನ ಹೀಲು ಮಾತ್ರ ಸವೆದುಹೋಗಿತ್ತು.

“ಮೊದಲಿನ ಹಾಗೇ ತುದಿಗೆ ಲೋಹ ಹಾಕ್ಲಾ ಅಮ್ಮಾ?”

“ಬೇಡ, ಎರಡಕ್ಕೂ ರಬ್ಬರ್ ಹಾಕಿ,” ಎಂದಳು ಅವಳು, ದನಿ ತಗ್ಗಿಸಿ. “ಸದ್ದು ಬರಬಾರದು.”

ಕೆಲಸ ಮುಗಿದು ಅವರು ಹೊರಟಾಗ ಗಂಡನ ಹೆಜ್ಜೆಯ ಸದ್ದಷ್ಟೇ ಕೇಳುತ್ತಿತ್ತು. ಹೆಂಡತಿ ಜೊತೆಗಿದ್ದಾಳೋ ಇಲ್ಲವೋ ಎಂದು ಗಂಡ ಎರಡು ಸಲ ತಿರುಗಿ ನೋಡಿದ.